ಇಸಿಎಂಗೆ ಕೈ ಹಾಕುವ ಮುಂಚೆ: ಯಾವ ಗಾಡಿಗೆ ಯಾವ ಸಲಕರಣೆ?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದರು: ಗಾಡಿಯ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ಮನೆಯಲ್ಲೇ ಟ್ಯೂನ್ ಮಾಡಲು ಯಾವ ಸಲಕರಣೆ ಕೊಳ್ಳಬೇಕು? ಮೊದಲನೆಯವನು ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ಹುಡುಗ. ಸೋದರಮಾವನ 2003ರ ಎಸ್ಟೀಮ್ ಅವನ ಪಾಲಿಗೆ ಬಂದಿದೆ, ಬಿಚ್ಚಿ ಕಟ್ಟುವ ಹುರುಪೂ ಇದೆ. ಎರಡನೆಯವರು ಗದಗಿನಿಂದ ವಾರಕ್ಕೆ ನಾಲ್ಕು ದಿನ ಹುಬ್ಬಳ್ಳಿಗೆ ಓಡಾಡುವ ಬಟ್ಟೆ ವ್ಯಾಪಾರಿ, 2014ರ ಡೀಸೆಲ್ ಸ್ವಿಫ್ಟ್. "ಪಿಕಪ್ ಸತ್ತ ಹೋಗೇತ್ರಿ, ರೀಮ್ಯಾಪ್ ಮಾಡಿದ್ರ ಬರತೈತೇನ್ರೀ?" (ರೀಮ್ಯಾಪ್ ಎಂದರೆ ಇಸಿಎಂ ಒಳಗಿನ ಇಂಧನ, ಟೈಮಿಂಗಿನ ಪಟ್ಟಿಗಳನ್ನು, ಅಂದರೆ ಮ್ಯಾಪ್ ಗಳನ್ನು, ತಿದ್ದುವುದು.) ಮೂರನೆಯವರು ರಾಣೆಬೆನ್ನೂರಿನವರು, ಪೋಲೊ ಜಿಟಿ ಟಿಎಸ್‌ಐ ಇಟ್ಟುಕೊಂಡವರು. ಗೆಳೆಯನೊಬ್ಬ ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿಕೊಂಡು ಬಂದಾಗಿನಿಂದ ಇವರಿಗೆ ನಿದ್ದೆ ಇಲ್ಲ.

ಮೂವರ ಮೊಬೈಲಿನಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ. ಏಳುನೂರು ರೂಪಾಯಿಯ ನೀಲಿ ಬ್ಲೂಟೂತ್ ಡಬ್ಬಿ, ಇಸಿಎಂಗೆ ಹೊಸ ಫೈಲ್ ಬರೆಯುವ ಎಂಟು ಸಾವಿರದ ನಕಲಿ ಫ್ಲ್ಯಾಶ್ ಕೇಬಲ್, ಹದಿನೈದು ಸಾವಿರದ 'ಪವರ್ ಬಾಕ್ಸ್', ಕೊನೆಗೆ ಲಕ್ಷಗಳ ಬೆಲೆಯ ಅಸಲಿ ಉಪಕರಣ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ನಾಲ್ಕನೆಯವರು ಬಂದರೆ ಇದನ್ನೇ ಓದಲು ಕೊಡಬಹುದು.

ಮೊದಲು ಅಳತೆಗೋಲು

ಸಲಕರಣೆ ನೋಡುವ ಮುಂಚೆ ಬಾನೆಟ್ ಎತ್ತಿ ಇಸಿಎಂ ಮೇಲಿನ ಚೀಟಿಯ ಫೋಟೊ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗದ ಹಿಂದೆ ಅಡಗಿರುತ್ತದೆ. ಬಾಷ್ ಮಾಡಿದ್ದಾದರೆ 0281ರಿಂದ ಶುರುವಾಗುವ ಸಂಖ್ಯೆ ಡೀಸೆಲ್‌ದು, 0261ರಿಂದ ಶುರುವಾದರೆ ಪೆಟ್ರೋಲ್‌ದು. ಆ ಸಂಖ್ಯೆ ಗೊತ್ತಾದರೆ ಇಸಿಎಂ ಯಾವ ಪೀಳಿಗೆಯದು, ಯಾವ ಕೇಬಲ್ಲಿಗೆ ಬಾಯಿ ಬಿಡುತ್ತದೆ, ಯಾವುದಕ್ಕೆ ಬಿಡುವುದಿಲ್ಲ ಎಂಬುದೆಲ್ಲ ಹುಡುಕಬಹುದು. ಅದು ಗೊತ್ತಿಲ್ಲದೆ ಕೇಬಲ್ ತರುವುದು, ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಎರಡನೆಯ ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ವಾಪಸ್ ಬರುವ ದಾರಿ ಇದೆಯೇ? ಕಂಪನಿ ಕೊಟ್ಟ ಮೂಲ ಫೈಲನ್ನು ಈ ಸಲಕರಣೆ ಪೂರ್ತಿ ಓದಿ ಉಳಿಸಿಕೊಳ್ಳುತ್ತದೆಯೇ, ನಾಳೆ ಎಡವಟ್ಟಾದರೆ ಅದನ್ನೇ ಮರಳಿ ಬರೆಯುತ್ತದೆಯೇ? ಕೆಲವು ಕೇಬಲ್‌ಗಳು ಬರೆಯುತ್ತವೆ, ಓದುವುದಿಲ್ಲ. 'ಓದು' ಎಂದರೆ ಇಸಿಎಂನ ಗುರುತು ನೋಡಿ ಎಲ್ಲಿಂದಲೋ ಒಂದು ಫೈಲ್ ಇಳಿಸಿಕೊಡುವ ವ್ಯವಸ್ಥೆಗಳೂ ಇವೆ. ಅದು ನಿಮ್ಮ ಗಾಡಿಯ ಹೊಟ್ಟೆಯಿಂದ ಬಂದದ್ದಲ್ಲ ಎಂಬುದು ನೆನಪಿರಲಿ.

ಮೂರನೆಯದು, ನೀವು ಮಾಡಿದ್ದರ ಪರಿಣಾಮ ನಿಮಗೆ ಕಾಣುತ್ತದೆಯೇ? ಗಾಳಿ ಇಂಧನದ ಪ್ರಮಾಣ, ಇಗ್ನಿಷನ್ ಕಿಡಿ ಹಾರುವ ಸಮಯ, ನಾಕ್ (ಇಂಧನ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ಇವು ಕಾಣದೆ ಮ್ಯಾಪ್ ತಿದ್ದುವುದು ಕತ್ತಲಲ್ಲಿ ಒಗ್ಗರಣೆ ಹಾಕಿದಂತೆ, ಸೀದ ವಾಸನೆ ಬಂದಮೇಲೆ ತಿಳಿಯುತ್ತದೆ.

ಆಮೇಲೆ ದುಡ್ಡು. ಕೇಬಲ್ಲಿನ ಬೆಲೆಯೊಂದನ್ನೇ ನೋಡಬೇಡಿ. ಲ್ಯಾಪ್‌ಟಾಪ್, ಬ್ಯಾಟರಿಗೆ ಆಸರೆಯಾಗುವ ಚಾರ್ಜರ್, ವೈಡ್‌ಬ್ಯಾಂಡ್ ಸೆನ್ಸರ್, ತಂತ್ರಾಂಶದ ಲೈಸೆನ್ಸ್, ಕೆಟ್ಟರೆ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ರಿಪೇರಿಯ ಖರ್ಚು, ಎಲ್ಲ ಸೇರಿಸಿದ ಮೊತ್ತ ಬೇಕು. ಸೋಮವಾರ ಬೆಳಿಗ್ಗೆ ಆ ಗಾಡಿ ಯಾರಿಗಾದರೂ ಬೇಕೇ ಅನ್ನುವುದನ್ನೂ ಇದರಲ್ಲೇ ಸೇರಿಸಿ. ಮನೆಯಲ್ಲಿ ಒಂದೇ ಕಾರಿದ್ದರೆ ನಿಮ್ಮ ಆಯ್ಕೆ ಅರ್ಧ ಮುಗಿದಿದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಣೆಗೆ ಹೊಂದದ ಬದಲಾವಣೆಗಳನ್ನು ತಡೆಯುತ್ತದೆ. ವಾರಂಟಿ ಇರುವ ಗಾಡಿಯಲ್ಲಿ ವಾರಂಟಿ ಹೋಗುತ್ತದೆ, ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ಪ್ರಶ್ನೆ ಏಳಬಹುದು. ಹೊಗೆಯ ವಿಷ ಕಡಿಮೆ ಮಾಡುವ ಇಜಿಆರ್, ಡಿಪಿಎಫ್ ಮುಚ್ಚಿಸುವ 'ಡಿಲೀಟ್' ಫೈಲ್‌ಗಳ ಬಗ್ಗೆ ಕೇಳಿದವರಿಗೆ ನಾನು ಸಹಾಯ ಮಾಡುವುದಿಲ್ಲ. ಆ ಹೊಗೆ ಕುಡಿಯುವುದು ಹಿಂದೆ ಬರುವ ಬೈಕಿನವನು.

ಓದುವ ಡಬ್ಬಿ

ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಇಎಲ್ಎಂ327 ಡಬ್ಬಿ ಐನೂರರಿಂದ ಸಾವಿರದೊಳಗೆ ಸಿಗುತ್ತದೆ. ಬಹುತೇಕ ಎಲ್ಲವೂ ನಕಲಿ. ಮೂಲ ಚಿಪ್ ಮಾಡುತ್ತಿದ್ದ ಕೆನಡಾದ ಇಎಲ್ಎಂ ಎಲೆಕ್ಟ್ರಾನಿಕ್ಸ್ 2022ರಲ್ಲಿ ಬಾಗಿಲು ಹಾಕಿತು. ಅಂಗಡಿಯವರು 'ಆವೃತ್ತಿ 1.5, ಒಳ್ಳೇದ್ರಿ' ಎಂದು ಮಾರುತ್ತಾರಲ್ಲ, ಆ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇರಲಿಲ್ಲ! ಆದರೂ ತಮಾಷೆಯೆಂದರೆ 1.5 ಎಂದು ಬರೆದ ನಕಲಿ, 2.1 ಎಂದು ಬರೆದ ನಕಲಿಗಿಂತ ಸಾಮಾನ್ಯವಾಗಿ ಮೇಲು. ಎರಡನೆಯದರಲ್ಲಿ ಹಲವು ಆಜ್ಞೆಗಳೇ ಇರುವುದಿಲ್ಲ. ಹತ್ತು ಸಾವಿರ ಮೀರಿದ ಬಜೆಟ್ ಇದ್ದರೆ ಒಬಿಡಿಲಿಂಕ್‌ನಂಥ ಅಸಲಿ ಅಡಾಪ್ಟರ್ ತಗೊಳ್ಳಿ. ಅದರ ವೇಗ ಬೇರೆ, ನಡುವೆ ಸಂಪರ್ಕ ಕಡಿಯುವುದಿಲ್ಲ.

ಈ ಡಬ್ಬಿ ಟ್ಯೂನ್ ಮಾಡುವುದಿಲ್ಲ, ಬರೀ ಓದುತ್ತದೆ. ಆದರೆ ಮೂವರಲ್ಲಿ ಒಬ್ಬರಿಗೆ ಬೇಕಾಗಿದ್ದದ್ದು ಇಷ್ಟೇ ಎಂದರೆ ನಂಬುವುದಿಲ್ಲ.

ಗದಗಿನವರ ಸ್ವಿಫ್ಟಿಗೆ ಇದನ್ನು ಹಚ್ಚಿದೆವು. ಮೊದಲು ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿನ ಒತ್ತಡ ನೋಡಿದೆ. ಪುಸ್ತಕದಲ್ಲಿ 101 ಕಿಲೊಪಾಸ್ಕಲ್ ಎಂದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಹುಬ್ಬಳ್ಳಿ ಆರುನೂರು ಮೀಟರಿಗಿಂತ ಮೇಲಿದೆ, ಇಲ್ಲಿ 94ರ ಆಸುಪಾಸು ಬಂದರೆ ಸೆನ್ಸರ್ ಸರಿಯಿದೆ ಎಂದರ್ಥ. 94 ಬಂತು. ಆಮೇಲೆ ಅವರು ಓಡಿಸಿದರು, ನಾನು ಪಕ್ಕದಲ್ಲಿ ಮೊಬೈಲ್ ಹಿಡಿದು ಕೂತೆ. ಮೂರನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಒತ್ತಡ 130 ದಾಟಲಿಲ್ಲ. ಟರ್ಬೊ ಗಾಡಿಗೆ ಇದು ಏನೇನೂ ಸಾಲದು. ಬಾನೆಟ್ ಎತ್ತಿ ಟಾರ್ಚ್ ಬಿಟ್ಟಾಗ ಟರ್ಬೊದಿಂದ ಬರುವ ರಬ್ಬರ್ ಹೋಸಿನ ಕೆಳಭಾಗದಲ್ಲಿ ಅಂಗೈ ಅಗಲದ ಎಣ್ಣೆ ಕಲೆ, ಅದರ ಮೇಲೆ ಕೆಂಪು ದೂಳು ಮೆತ್ತಿಕೊಂಡಿತ್ತು. ಬೆರಳಿಂದ ಒರೆಸಿದರೆ ಕ್ಲಿಪ್ಪಿನ ಅಂಚಿಗೆ ಎರಡು ಇಂಚಿನ ಸೀಳು. ಈ ಗಾಡಿಗೆ ರೀಮ್ಯಾಪ್ ಮಾಡಿದ್ದರೆ ಸೋರುವ ಗಾಳಿಯನ್ನು ತುಂಬಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ, ಹೋಸಿನ ಜೊತೆ ಟರ್ಬೊವೂ ಹೋಗುತ್ತಿತ್ತು.

ಇದರ ಮಿತಿಯನ್ನೂ ತಿಳಿದುಕೊಳ್ಳಿ. ಕೆ-ಲೈನ್ ಎಂಬ ಹಳೆಯ ಸಂಪರ್ಕದ ಗಾಡಿಗಳಲ್ಲಿ ಇಸಿಎಂ ಜೊತೆಗಿನ ಮಾತುಕತೆಯ ವೇಗ ಸೆಕೆಂಡಿಗೆ 10,400 ಬಿಟ್. ನಾಲ್ಕು ಅಂಶ ಒಟ್ಟಿಗೆ ಕೇಳಿದರೆ ಒಂದೊಂದೂ ಸೆಕೆಂಡಿಗೆ ಒಂದು ಸಲ ಬರುತ್ತದೆ, ಅಷ್ಟರಲ್ಲಿ ಗೇರು ಬದಲಾಗಿರುತ್ತದೆ. ಕ್ಯಾನ್ ಎಂಬ ಹೊಸ ಸಂಪರ್ಕ ಇರುವ ಗಾಡಿಗಳಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಐದು ಲಕ್ಷ ಬಿಟ್, ಅಲ್ಲಿ ಲಾಗ್, ಅಂದರೆ ಓಡುವಾಗಿನ ದಾಖಲೆ, ಉಪಯೋಗಕ್ಕೆ ಬರುತ್ತದೆ. ಎಸ್ಟೀಮ್, ಝೆನ್ ಕಾಲದ ಮಾರುತಿಗಳು ಈ ಡಬ್ಬಿಗೆ ಉತ್ತರವನ್ನೇ ಕೊಡದಿರಬಹುದು. ಸಾಕೆಟ್ ಹೊಂದಿದ ಮಾತ್ರಕ್ಕೆ ಭಾಷೆ ಹೊಂದಬೇಕೆಂದಿಲ್ಲ.

ವೈಡ್‌ಬ್ಯಾಂಡ್, ಎಥನಾಲ್, ಗೋವಿನಜೋಳ

ಪೆಟ್ರೋಲ್ ಗಾಡಿಗೆ ಕೈ ಹಾಕುವವರು ಫ್ಲ್ಯಾಶ್ ಕೇಬಲ್ಲಿಗಿಂತ ಮುಂಚೆ ಇದನ್ನು ಕೊಳ್ಳಬೇಕು, ಈ ವಿಷಯದಲ್ಲಿ ನಾನು ಹಟಮಾರಿ. ಕಂಪನಿ ಹಾಕಿದ ಆಕ್ಸಿಜನ್ ಸೆನ್ಸರ್ ಬಹಳ ಗಾಡಿಗಳಲ್ಲಿ ನ್ಯಾರೋಬ್ಯಾಂಡ್. ಅದು 0.1ರಿಂದ 0.9 ವೋಲ್ಟಿನ ನಡುವೆ ಜಿಗಿಯುತ್ತ 'ಹೆಚ್ಚಾಯಿತು, ಕಡಿಮೆಯಾಯಿತು' ಎಂದಷ್ಟೇ ಹೇಳುತ್ತದೆ. ಎಷ್ಟು ಹೆಚ್ಚು ಎಂದು ಹೇಳಲು ವೈಡ್‌ಬ್ಯಾಂಡ್ ಬೇಕು. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಮತ್ತು ಕಂಟ್ರೋಲರ್ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಆಮದು ಸುಂಕದ ಮೇಲೆ ಏರುಪೇರಾಗುತ್ತದೆ.

ಸೈಲೆನ್ಸರ್ ಪೈಪಿಗೆ ತೂತು ಕೊರೆದು ಎಂ18×1.5 ಎಳೆಯ ಬಂಗ್, ಅಂದರೆ ಸೆನ್ಸರ್ ತಿರುಗಿಸಿ ಕೂರಿಸುವ ಉಂಗುರ, ಬೆಸೆಯಬೇಕು. ನಮ್ಮ ಯಾವ ಲೇತ್ ಅಂಗಡಿಯಲ್ಲೂ ಇದನ್ನು ಅರ್ಧ ಗಂಟೆಯಲ್ಲಿ ತಿರುಗಿಸಿ ಕೊಡುತ್ತಾರೆ, 'ಹಳೆ ಸ್ಪಾರ್ಕ್ ಪ್ಲಗ್ ಎಳಿ ಅಲ್ಲ, ಹದಿನೆಂಟು' ಎಂದು ಎರಡು ಸಲ ಹೇಳಿ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಬೇಕು. ಕೆಳಗೆ ಕೂತರೆ ಬೆಳಗಿನ ನೀರಹನಿ ಬಿದ್ದು ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ. ಕರೆಂಟ್ ಕೊಡದೆ ಹೊಗೆಯಲ್ಲಿ ಬಿಟ್ಟರೂ ಮಸಿ ಕಟ್ಟಿ ಹಾಳು.

ಇನ್ನೊಂದು, ಗೇಜನ್ನು ಲ್ಯಾಂಬ್ಡಾದಲ್ಲಿ, ಅಂದರೆ ಇಂಧನ ಸರಿಯಾಗಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಎಷ್ಟು ಗಾಳಿ ಇದೆ ಎಂಬ ಅಳತೆಯಲ್ಲಿ, ಓದಲು ಕಲಿಯಿರಿ. ಹಳೆಯ ಪಾಠಗಳಲ್ಲೆಲ್ಲ 14.7 ಎಂಬ ಸಂಖ್ಯೆ ಬರುತ್ತದೆ, ಒಂದು ಭಾಗ ಇಂಧನಕ್ಕೆ ಅಷ್ಟು ಭಾಗ ಗಾಳಿ ಎಂದರ್ಥ. ಅದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಈಗ ಬಂಕಿನಲ್ಲಿ ಸಿಗುವ, ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಇ20ಗೆ ಅದೇ ಸಮತೋಲನ ಸುಮಾರು 13.5ಕ್ಕೆ ಬರುತ್ತದೆ. ಗೇಜು 14.7 ತೋರಿಸುತ್ತಿದ್ದರೂ ಎಂಜಿನ್ ನಿಜದಲ್ಲಿ ಕುಡಿಯುತ್ತಿರುವುದು 13.5ರ ಪ್ರಮಾಣ, ಗೇಜಿಗೆ ಇಂಧನ ಯಾವುದೆಂದು ಗೊತ್ತಿಲ್ಲ, ಅದು ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೆ. ಲ್ಯಾಂಬ್ಡಾ 1 ಎಂದರೆ ಯಾವ ಇಂಧನಕ್ಕೂ 1. ಹಾವೇರಿ ಕಡೆಯ ಗೋವಿನಜೋಳದ ರೈತರಿಗೆ ಎಥನಾಲ್ ಎಂದರೆ ದರದ ಮಾತು. ನಮಗೆ ಅದು ಫ್ಯೂಯಲ್ ಟ್ರಿಮ್ಮಿನ, ಅಂದರೆ ಇಸಿಎಂ ಇಂಧನವನ್ನು ಎಷ್ಟು ಪ್ರತಿಶತ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಎಂಬುದರ ಮಾತು. 'ಇತ್ತೀಚೆಗೆ ಎವರೇಜ್ ಬಿದ್ದಿದೆ, ಟ್ಯೂನ್ ಮಾಡಿಸಬೇಕು' ಎಂದು ಬರುವ ಹಳೆಯ ಗಾಡಿಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಪ್ಲಸ್ ಆರು, ಏಳು, ಎಂಟು ತೋರಿಸುವುದನ್ನು ನೋಡಿದ್ದೇನೆ. ಇಸಿಎಂ ತಾನೇ ಸರಿದೂಗಿಸಿಕೊಳ್ಳುತ್ತಿದೆ. ಎಥನಾಲಿನಲ್ಲಿ ಶಕ್ತಿಯೇ ಕಡಿಮೆ, ಅದನ್ನು ಯಾವ ಮ್ಯಾಪೂ ಹುಟ್ಟಿಸಲಾರದು.

ಸುಳ್ಳು ಹೇಳುವ ಪೆಟ್ಟಿಗೆ

'ಪವರ್ ಬಾಕ್ಸ್', 'ಟ್ಯೂನಿಂಗ್ ಬಾಕ್ಸ್', 'ಪಿಗ್ಗಿಬ್ಯಾಕ್' ಎಂದೆಲ್ಲ ಕರೆಯುವ ಇದು ಸೆನ್ಸರ್ ಮತ್ತು ಇಸಿಎಂ ನಡುವೆ ಕೂತು ಸುಳ್ಳು ಹೇಳುತ್ತದೆ. ಡೀಸೆಲ್ಲಿನಲ್ಲಿ ರೈಲ್ ಒತ್ತಡವನ್ನು (ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ) ಕಡಿಮೆ ಎಂದು ತೋರಿಸಿದರೆ ಇಸಿಎಂ ಇನ್ನಷ್ಟು ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಒಳ್ಳೆಯ ಪೆಟ್ಟಿಗೆ ಎರಡು ಮೂರು ಸೆನ್ಸರ್ ನೋಡಿಕೊಂಡು ಅಳತೆಯಲ್ಲಿ ಸುಳ್ಳು ಹೇಳುತ್ತದೆ. ಕೆಟ್ಟದ್ದರಲ್ಲಿ ಬಿಚ್ಚಿ ನೋಡಿದರೆ ಒಂದು ರೆಸಿಸ್ಟರ್ ಇರುತ್ತದೆ. ಹಾಗೆ ಒಂದನ್ನು ಬಿಚ್ಚಿ ನೋಡಿದ್ದೇನೆ. ಸುತ್ತ ಕಪ್ಪು ಅಂಟು, ನಡುವೆ ಎರಡು ರೂಪಾಯಿಯ ಮಾಲು.

ಇದರ ದೊಡ್ಡ ಗುಣ ವಾಪಸ್ ದಾರಿ. ಸಾಕೆಟ್ ಕಳಚಿದರೆ ಗಾಡಿ ಮೊದಲಿನಂತೆ, ಇಸಿಎಂ ಒಳಗೆ ಏನೂ ಬದಲಾಗಿರುವುದಿಲ್ಲ. ಕೆಡುಕು ಎಂದರೆ ನಿಮಗೂ ಕಾಣುವುದು ಸುಳ್ಳೇ. ಡಬ್ಬಿಯಲ್ಲಿ ಓದಿದ ರೈಲ್ ಒತ್ತಡ ನಿಜದ್ದಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗೆ ಇದು ದುಡ್ಡು ದಂಡ. ಅಲ್ಲಿ ಏನು ಮಾಡಿದರೂ ಸಿಗುವುದು ಬೆರಳಲ್ಲಿ ಎಣಿಸುವಷ್ಟು ಅಶ್ವಶಕ್ತಿ.

ಇಲ್ಲೊಂದು ಅಡ್ಡಮಾತು. ಸಿಎನ್‌ಜಿ ಅಥವಾ ಎಲ್‌ಪಿಜಿ ಸೀಕ್ವೆನ್ಶಿಯಲ್ ಕಿಟ್ ಹಾಕಿಸಿದವರ ಹತ್ತಿರ ಇಂಥದೊಂದು ಪೆಟ್ಟಿಗೆ ಈಗಾಗಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕಿಟ್ಟಿನ ಇಸಿಯು (ಇಸಿಎಂನಂಥದೇ ಕಂಪ್ಯೂಟರ್) ಪೆಟ್ರೋಲ್ ಇಂಜೆಕ್ಟರಿಗೆ ಹೋಗಬೇಕಿದ್ದ ಸಮಯವನ್ನು ಹಿಡಿದು, ಒಂದು ಗುಣಾಂಕದಿಂದ ಗುಣಿಸಿ ಗ್ಯಾಸ್ ಇಂಜೆಕ್ಟರಿಗೆ ಕಳಿಸುತ್ತದೆ. ಅದಕ್ಕೆ ಅದರದೇ ಕೇಬಲ್ಲೂ ತಂತ್ರಾಂಶವೂ ಇವೆ. ಪೆಟ್ರೋಲಿನಲ್ಲಿ ಓಡುವಾಗ ಟ್ರಿಮ್ ಎಷ್ಟಿತ್ತೋ ಗ್ಯಾಸಿನಲ್ಲೂ ಅಷ್ಟೇ ಬರುವಂತೆ ಗುಣಾಂಕ ತಿದ್ದಿದರೆ ಜರ್ಕು, ಎಂಜಿನ್ ಲೈಟು ಎರಡೂ ಹೋಗುತ್ತವೆ. ಮನೆಯಲ್ಲಿ ಟ್ಯೂನಿಂಗ್ ಕಲಿಯಲು ಇಷ್ಟು ಅಗ್ಗದ, ಇಷ್ಟು ಕಡಿಮೆ ಅಪಾಯದ ಪಾಠಶಾಲೆ ಬೇರೆ ಇಲ್ಲ.

ಫ್ಲ್ಯಾಶ್ ಕೇಬಲ್: ಇಟ್ಟಂಗಿಯ ಕಥೆ

ನಿಜವಾದ ರೀಮ್ಯಾಪ್ ಎಂದರೆ ಇಸಿಎಂನ ಫೈಲ್ ಓದಿ, ಮ್ಯಾಪ್ ತಿದ್ದಿ, ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಸರಿಪಡಿಸಿ, ಮರಳಿ ಬರೆಯುವುದು. ಇದಕ್ಕೆ ಎರಡು ಸಲಕರಣೆ ಬೇಕು, ಜನ ಒಂದಕ್ಕೇ ದುಡ್ಡು ಎತ್ತಿಡುತ್ತಾರೆ. ಓದಿ ಬರೆಯುವ ಕೇಬಲ್ ಒಂದು, ಮ್ಯಾಪ್ ತಿದ್ದುವ ತಂತ್ರಾಂಶ ಇನ್ನೊಂದು.

ಕೇಬಲ್‌ಗಳಲ್ಲಿ ಅಸಲಿಯಾದ ಕೆಸ್, ಕೆ-ಟ್ಯಾಗ್ ಇಟಲಿಯ ಏಲಿಯನ್‌ಟೆಕ್‌ನವು. ಮಾಸ್ಟರ್ ಆವೃತ್ತಿಗೆ ಲಕ್ಷಗಳು ಬೇಕು. ಸ್ಲೇವ್ ಆವೃತ್ತಿ ಅಗ್ಗ, ಆದರೆ ಅದು ಓದಿದ ಫೈಲ್ ಬೀಗ ಹಾಕಿಕೊಂಡು ಬರುತ್ತದೆ, ಅದನ್ನು ಬಿಚ್ಚುವ ಕೀಲಿ ನಿಮಗೆ ಸ್ಲೇವ್ ಮಾರಿದ ಮಾಸ್ಟರ್ ಬಳಿ ಇರುತ್ತದೆ. ಅಂದರೆ ನೀವು ಅವರ ಕೈಯಳತೆಯ ಗಿರಾಕಿ. ಮನೆಯಲ್ಲೇ ಕಲಿಯಬೇಕು ಎನ್ನುವವರಿಗೆ ಸ್ಲೇವ್ ಹೊಂದುವುದಿಲ್ಲ, 'ಫೈಲ್ ಅವರು ಮಾಡಲಿ, ಬರೆಯುವುದು ನಾನು' ಎನ್ನುವವರಿಗೆ ಚೆನ್ನಾಗಿ ಹೊಂದುತ್ತದೆ. ಸುಬಾರು, ಮಿತ್ಸುಬಿಷಿ ಇದ್ದವರು ಅದೃಷ್ಟವಂತರು. ಟ್ಯಾಕ್ಟ್ರಿಕ್ಸ್ ಓಪನ್‌ಪೋರ್ಟ್ 2.0 ಮತ್ತು ಪುಕ್ಕಟೆ ತಂತ್ರಾಂಶದಿಂದ ಬಹಳ ಕೆಲಸ ಆಗುತ್ತದೆ. ನಮ್ಮ ಊರಿನಲ್ಲಿ ಅಂಥ ಗಾಡಿ ಎಷ್ಟಿವೆ ಎಂಬುದು ಬೇರೆ ಮಾತು.

ತಿದ್ದುವ ತಂತ್ರಾಂಶದಲ್ಲಿ ಜರ್ಮನಿಯ ವಿನ್‌ಓಎಲ್‌ಎಸ್ ವೃತ್ತಿಪರರದು, ದುಬಾರಿ. ಟ್ಯೂನರ್‌ಪ್ರೊ ಹವ್ಯಾಸಿಗಳದು, ಅಗ್ಗ. ಆದರೆ ಅದಕ್ಕೆ ನಿಮ್ಮ ಇಸಿಎಂಗೆ ಹೊಂದುವ ಎಕ್ಸ್‌ಡಿಎಫ್ ವಿವರಣಾ ಫೈಲ್ ಬೇಕು. ಅದಿಲ್ಲದಿದ್ದರೆ ಪರದೆಯ ಮೇಲೆ ಬರುವುದು ಬರೀ ಸಂಖ್ಯೆಗಳ ಹೊಲ, ಯಾವ ಸಾಲು ಇಂಧನ, ಯಾವುದು ಟಾರ್ಕ್ ಮಿತಿ ಎಂದು ನೀವೇ ಗುರುತಿಸಬೇಕು. ಕೇಬಲ್ ಕೊಳ್ಳುವ ಮುಂಚೆ ಈ ಫೈಲ್ ಸಿಗುತ್ತದೆಯೇ ಎಂದು ಹುಡುಕಿ. ಸಿಗದಿದ್ದರೆ ಕೇಬಲ್ ಕೊಳ್ಳಬೇಡಿ.

ಇನ್ನು ಎಂಟು ಸಾವಿರದ ನಕಲಿ ಕೇಬಲ್. ಅದರ ಜೊತೆ ಬರುವ ಸಿಡಿ ಕದ್ದ ತಂತ್ರಾಂಶ, ಆಂಟಿವೈರಸ್ ಆರಿಸಿ ಎಂದು ಅದರಲ್ಲೇ ಬರೆದಿರುತ್ತದೆ. ಇಂಟರ್ನೆಟ್ಟಿಗೆ ಜೋಡಿಸಿದರೆ ಬೀಗ ಬಿದ್ದು ಸಾಯುವವೂ ಇವೆ. ಹೀಗಂತ ಗೊತ್ತಿದ್ದೂ ನಾನೇ ಒಂದನ್ನು ತಗೊಂಡಿದ್ದೆ.

ಮಳೆಗಾಲದ ಒಂದು ಸಂಜೆ, ಧಾರವಾಡದ ಮನೆಯಂಗಳ. ನನ್ನ ಹಳೆಯ ಡೀಸೆಲ್ ಗಾಡಿಯ ಫೈಲನ್ನು ಓದಿ ಪೆನ್‌ಡ್ರೈವಿನಲ್ಲಿ ಇಟ್ಟೆ, ತಿದ್ದಿದ್ದನ್ನು ಬರೆಯಲು ಕೂತೆ. ಬ್ಯಾಟರಿಗೆ ಐದು ವರ್ಷ ವಯಸ್ಸಾಗಿತ್ತು, ಅದಕ್ಕೇ ಮನೆಯಿಂದ ವೈರ್ ಎಳೆದು ಚಾರ್ಜರ್ ಹಚ್ಚಿದ್ದೆ. 64 ಪ್ರತಿಶತಕ್ಕೆ ಬಂದಾಗ ಕರೆಂಟ್ ಹೋಯಿತು. ಗಾಜಿನ ಮಂಜು ಹೋಗಲಿ ಎಂದು ಹಾಕಿದ್ದ ಬ್ಲೋವರ್ ಆರಿಸುವುದು ಮರೆತಿದ್ದೆ. ವೋಲ್ಟೇಜ್ ಕುಸಿದು ಪರದೆಯ ಮೇಲೆ ಒಂದು ಕೆಂಪು ಪೆಟ್ಟಿಗೆ ಬಂತು. ಕೀಲಿ ತಿರುಗಿಸಿದರೆ ಮುಳ್ಳು ಅಲ್ಲಾಡಲಿಲ್ಲ, ಕಳ್ಳತನ ತಡೆಯುವ ಇಮೊಬಿಲೈಸರ್ ದೀಪ ಮಾತ್ರ ಮಿಣಮಿಣ. ಇಂಗ್ಲಿಷ್‌ನಲ್ಲಿ 'ಬ್ರಿಕ್' ಆಯಿತು ಅನ್ನುತ್ತಾರಲ್ಲ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಸಿಎಂ ಇಟ್ಟಂಗಿ ಆಯಿತು.

ಮರುದಿನ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಗೋಕುಲ ರೋಡಿನ ಒಬ್ಬ ಇಸಿಎಂ ರಿಪೇರಿಯವ ಬಿಸಿಗಾಳಿ ಹಿಡಿದು ಅಲ್ಯೂಮಿನಿಯಂ ಮುಚ್ಚಳದ ಕಪ್ಪು ಅಂಟನ್ನು ಮೆತ್ತಗೆ ಮಾಡಿ, ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಇಂಚಿಂಚಾಗಿ ಎಬ್ಬಿಸಿದ. ಬೋರ್ಡಿನ ಮೇಲೆ ಒಂದು ಚುಕ್ಕೆಗೆ ಸೂಜಿ ಮುಟ್ಟಿಸಿ ಚಿಪ್ಪಿಗೆ ನೇರ ಬರೆಯಬಹುದಾದ ಬೂಟ್ ಮೋಡಿಗೆ ಹಾಕಿ ನನ್ನ ಪೆನ್‌ಡ್ರೈವಿನ ಮೂಲ ಫೈಲ್ ಬರೆದ. "ಒರಿಜಿನಲ್ ಇಟ್ಟಿದ್ರಿ, ಉಳಕೊಂಡ್ರಿ" ಎಂದ. ಆರೂವರೆ ಸಾವಿರ ಹೋಯಿತು. ಹದಿಮೂರೂವರೆ ವೋಲ್ಟು ಅಲುಗದೆ ಕೊಡುವ ಪವರ್ ಸಪ್ಲೈ, ಅದರ ಹಿಂದೆ ಇನ್ವರ್ಟರ್ ಇದ್ದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಾಗಿ ಫ್ಲ್ಯಾಶ್ ಕೇಬಲ್ಲಿನ ಬೆಲೆ ಬರೆಯುವಾಗ ಪಕ್ಕದಲ್ಲಿ ಇದರ ಬೆಲೆಯನ್ನೂ ಬರೆಯಿರಿ.

2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಮನೆಯ ಪ್ರಯೋಗ ಬೇಡ. ಹೊಸ ಬಾಷ್ ಇಸಿಎಂಗಳು ಕಂಪನಿಯ ಡಿಜಿಟಲ್ ಸಹಿ ಇಲ್ಲದ ಫೈಲನ್ನು ಒಪ್ಪುವುದಿಲ್ಲ. ಸಾಕೆಟ್ಟಿನಿಂದ ಬರೆಯಲಾಗದೆ ಕಳಚಿ ಬೆಂಚಿನ ಮೇಲೆ ಇಡಬೇಕಾಗುತ್ತದೆ. ಅಂಗಡಿಯವರೇ ಕೈ ಒರೆಸಿಕೊಂಡು ಮುಟ್ಟುವ ಕೆಲಸ ಅದು.

ಇಸಿಎಂ ಅನ್ನೇ ಬದಲಿಸುವುದು

ಹಳೆಯ ಪೆಟ್ರೋಲ್ ಗಾಡಿಗಳಿಗೆ, ಓದಲೂ ಬಾರದ ಬರೆಯಲೂ ಬಾರದ ಕಂಪನಿ ಇಸಿಎಂ ಪಕ್ಕಕ್ಕಿಟ್ಟು ಸ್ವತಂತ್ರ ಇಸಿಯು ಹಾಕುವುದು ಇನ್ನೊಂದು ದಾರಿ. ಸ್ಪೀಡುಯಿನೊ ಎಂಬುದು ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ಕಟ್ಟಿದ ಮುಕ್ತ ಯೋಜನೆ. ರುಸ್‌ಇಎಫ್ಐ ಅದಕ್ಕಿಂತ ವೇಗದ ಎಸ್‌ಟಿಎಂ32 ಚಿಪ್ಪಿನದು. ಮೆಗಾಸ್ಕ್ವರ್ಟ್ ಇವುಗಳ ಹಿರಿಯಣ್ಣ, ಬೆಲೆ ಹೆಚ್ಚು, ಬೇರೆಯವರು ಮಾಡಿ ಬರೆದಿಟ್ಟ ಅನುಭವವೂ ಹೆಚ್ಚು. ಮೂರನ್ನೂ ಟ್ಯೂನರ್‌ಸ್ಟುಡಿಯೊ ಎಂಬ ಒಂದೇ ತಂತ್ರಾಂಶದಿಂದ ನಡೆಸಬಹುದು. ಅದರ ಪುಕ್ಕಟೆ ಆವೃತ್ತಿಯಲ್ಲಿ ಕೆಲಸ ಆಗುತ್ತದೆ. ಓಡಿಸುತ್ತಿರುವಾಗಲೇ ವೈಡ್‌ಬ್ಯಾಂಡ್ ನೋಡಿ ಇಂಧನದ ಪಟ್ಟಿ ತಾನೇ ತಿದ್ದಿಕೊಳ್ಳುವ ಸೌಲಭ್ಯಕ್ಕೆ ದುಡ್ಡು ಕೊಟ್ಟು ನೋಂದಾಯಿಸಬೇಕು. ಕೊಡಿ, ವಾರಗಳ ಶ್ರಮ ಉಳಿಯುತ್ತದೆ.

ಸ್ಪೀಡುಯಿನೊ ಬೋರ್ಡ್ ಮತ್ತು ಬಿಡಿಭಾಗ ಹದಿನೈದು ಸಾವಿರದೊಳಗೆ ಆಗಬಹುದು. ಜನ ಅಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ವೈರಿಂಗ್, ಕನೆಕ್ಟರು, ರಿಲೇ, ಫ್ಯೂಸು, ವೈಡ್‌ಬ್ಯಾಂಡ್, ಟೈಮಿಂಗ್ ಲೈಟು ಸೇರಿ ನಲವತ್ತು ಐವತ್ತು ಸಾವಿರಕ್ಕೆ ಹೋಗುತ್ತದೆ, ಜೊತೆಗೆ ಎರಡು ಮೂರು ತಿಂಗಳ ಭಾನುವಾರಗಳು. ಇಂಜೆಕ್ಟರಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. 12ರಿಂದ 16 ಓಮ್ ಬಂದರೆ ನೇರ ಜೋಡಿಸಬಹುದು, ಎರಡು ಮೂರು ಓಮ್ ಬಂದರೆ ಬೇರೆ ವ್ಯವಸ್ಥೆ ಬೇಕು. ಕ್ರ್ಯಾಂಕ್ ಸೆನ್ಸರ್ ಎರಡು ತಂತಿಯ ಮ್ಯಾಗ್ನೆಟಿಕ್ ಆದರೆ ಅದರ ಸಂಕೇತ ಪಳಗಿಸಲು ಸಣ್ಣ ಬೋರ್ಡೊಂದು ಬೇಕು. ಮೊದಲ ಸಲ ಎಂಜಿನ್ ಎದ್ದಾಗ ಕುಣಿಯುವುದನ್ನು ಬಿಟ್ಟು, ತಂತ್ರಾಂಶದಲ್ಲಿ ಕಿಡಿಯ ಟೈಮಿಂಗನ್ನು ಹತ್ತು ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿಯಲ್ಲೂ ಹತ್ತೇ ಇದೆಯೇ ನೋಡಬೇಕು. ಪರದೆ ಹತ್ತು ಅನ್ನುತ್ತಿದ್ದು ಪುಲ್ಲಿಯಲ್ಲಿ ಇಪ್ಪತ್ತಿದ್ದರೆ ಮೊದಲ ಏರಿನಲ್ಲೇ ಪಿಸ್ಟನ್ ಹಲ್ಲು ಕಡಿಯುತ್ತದೆ.

ಹೊಗೆ ತಪಾಸಣೆಯನ್ನೂ ಮರೆಯಬೇಡಿ. ಸ್ವತಂತ್ರ ಇಸಿಯುವಿನಲ್ಲಿ ಐಡಲ್ ಹದವಾಗಿ ಕೂರಿಸುವುದೇ ಪೂರ್ತಿ ಥ್ರಾಟಲ್‌ಗಿಂತ ಕಷ್ಟ. ಬೆಳಿಗ್ಗೆ ತಣ್ಣಗಿರುವಾಗ ಒಂದು ನಡತೆ, ಮೇ ತಿಂಗಳ ಮಧ್ಯಾಹ್ನ ದುರ್ಗದ ಬೈಲಿನ ಟ್ರಾಫಿಕ್ಕಿನಲ್ಲಿ ಬೇರೆಯೇ ನಡತೆ.

ಮೂವರಿಗೆ ಹೇಳಿದ್ದು

ಗದಗಿನವರದು ಹೋಸಿನ ಸಮಸ್ಯೆ. ಹೋಸು, ಎರಡು ಕ್ಲಿಪ್ಪು, ಹೊಸ ಏರ್ ಫಿಲ್ಟರ್ ಹಾಕಿಸಿದರು. ಡಬ್ಬಿಯನ್ನು ನನ್ನಿಂದಲೇ ಕೊಂಡು ಹೋದರು.

ಪೋಲೊದವರಿಗೆ ಮನೆಯಲ್ಲಿ ಮಾಡಬೇಡಿ ಎಂದೆ. ಅವರದು 1.2 ಟಿಎಸ್‌ಐ, 175 ನ್ಯೂಟನ್ ಮೀಟರ್ ಟಾರ್ಕ್. ಜೊತೆಗಿರುವ ಡಿಕ್ಯೂ200 ಡಿಎಸ್‌ಜಿ ಗೇರ್‌ಬಾಕ್ಸಿನ ಮಿತಿ 250. ನಡುವೆ ಇರುವ ಜಾಗ ಕಡಿಮೆ, ಅದನ್ನು ಎಷ್ಟು ಬಳಸಬೇಕೆಂದು ಗೊತ್ತಿರುವವರು ಗಾಡಿಯ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಕೂರಿಸಿ ಮಾಡಬೇಕು. ಒಂದೇ ಗಾಡಿಗೆ ಒಂದೇ ಸಲ ಮಾಡುವ ಕೆಲಸಕ್ಕೆ ಉಪಕರಣ ಕೊಳ್ಳುವುದಕ್ಕಿಂತ ಮುನ್ನೂರು ಕಿಲೊಮೀಟರ್ ಓಡಿಸಿಕೊಂಡು ಬೆಂಗಳೂರಿಗೆ ಹೋಗುವುದು ಅಗ್ಗ. ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ ಎಂದಿದ್ದೇನೆ. ಮೂಲ ಫೈಲಿನ ಪ್ರತಿ ನನ್ನ ಕೈಗೆ ಕೊಡುತ್ತೀರಾ? ಮುಂಚಿನ ಮತ್ತು ನಂತರದ ಡೈನೊ ಹಾಳೆ ಅದೇ ದಿನದ್ದೇ? ಎರಡಕ್ಕೂ ಹೌದು ಎನ್ನದಿದ್ದರೆ ಕೀಲಿ ಕೊಡಬೇಡಿ. ಅಷ್ಟು ಖರ್ಚು ಬೇಡವೆಂದರೆ ಕಳಚಿ ಇಡಬಹುದಾದ ಒಳ್ಳೆಯ ಪಿಗ್ಗಿಬ್ಯಾಕ್ ಅವರಿಗೆ ಎರಡನೆಯ ಆಯ್ಕೆ.

ಎಸ್ಟೀಮ್ ಹುಡುಗನಿಗೆ ಮಾತ್ರ ಸ್ಪೀಡುಯಿನೊ ಮಾಡು ಎಂದೆ. 1,298 ಸಿಸಿ, 85 ಅಶ್ವಶಕ್ತಿಯ ಆ ಎಂಜಿನ್ ಸರಳ, ಕೈಗೆ ಸಿಗುತ್ತದೆ, ಬಿಡಿಭಾಗ ಹಳೇ ಹುಬ್ಬಳ್ಳಿಯ ಗುಜರಿಯಲ್ಲೂ ಇವೆ. ಆ ಗಾಡಿ ನಾಳೆ ಯಾರಿಗೂ ಬೇಕಿಲ್ಲ. ಕಂಪನಿಯ ಇಸಿಎಂ ಮತ್ತು ವೈರಿಂಗ್ ಕತ್ತರಿಸಬೇಡ, ನಡುವೆ ಕನೆಕ್ಟರ್ ಹಾಕಿ ಸಿಕ್ಕಿಸುವಂತೆ ಮಾಡು, ಬೇಸರ ಬಂದರೆ ಹತ್ತು ನಿಮಿಷದಲ್ಲಿ ಹಳೆಯದು ವಾಪಸ್ ಹಾಕಬಹುದು ಎಂದೆ. ಅವನ ಹತ್ತಿರ ಇದ್ದದ್ದು ಇಪ್ಪತ್ತೈದು ಸಾವಿರ. ಮೊದಲು ವೈಡ್‌ಬ್ಯಾಂಡ್ ಹಾಕಿ ಕಂಪನಿ ಇಸಿಎಂ ಮೇಲೆಯೇ ಒಂದು ತಿಂಗಳು ಓಡಿಸಿ ಬರೆದುಕೋ, ಬೋರ್ಡು ಮುಂದಿನ ಸೆಮಿಸ್ಟರಿಗೆ. ಅವನಿಗೆ ಅಷ್ಟು ಹಿಡಿಸಲಿಲ್ಲ.

ಲಾಗ್ ಮಾಡಲು ಇಬ್ಬರು ಬೇಕು, ಒಬ್ಬ ಸ್ಟೀರಿಂಗಿಗೆ, ಒಬ್ಬ ಲ್ಯಾಪ್‌ಟಾಪಿಗೆ. ಹುಬ್ಬಳ್ಳಿ ಧಾರವಾಡ ಬೈಪಾಸಿನ ಇಟಿಗಟ್ಟಿ ಕಡೆ ಯಾವ ಕಾರಣಕ್ಕೂ ಬೇಡ, ಆ ರಸ್ತೆ ಈಗಾಗಲೇ ಸಾಕಷ್ಟು ಜೀವ ತಗೊಂಡಿದೆ.

ಎಲ್ಲರೂ ಕೊನೆಗೆ ಲ್ಯಾಪ್‌ಟಾಪ್ ಯಾವುದು ಎಂದು ಕೇಳುತ್ತಾರೆ. ಹಳೆಯ ವಿಂಡೋಸ್ ಯಂತ್ರ ಸಾಕು, ಬ್ಯಾಟರಿ ಎರಡು ಗಂಟೆ ನಿಲ್ಲಬೇಕು. ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಇರುವ ಯಂತ್ರವನ್ನು ಇದಕ್ಕೆ ಬಳಸಬೇಡಿ. ತಾನೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟಿನ ಮೂಲಕ ಬಂದ, ಯುಎಸ್‌ಬಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್, ನಕಲಿ ಚಿಪ್ಪಿನ ಕೇಬಲ್‌ಗಳ ಗುರುತನ್ನೇ ಅಳಿಸಿ ಮೂಲೆಗೆ ತಳ್ಳಿತ್ತು. ಸ್ಲೀಪ್ ಮೋಡನ್ನೂ ಆರಿಸಿ. ಬರೆಯಲು ಕೂತಾಗ ಕಾರಿನ ಬ್ಲೋವರ್, ಹೆಡ್‌ಲೈಟ್, ಟೇಪು ಎಲ್ಲ ಆಫ್ ಇದೆಯೇ ಎಂದು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಬ್ಲೋವರನ್ನು ಎರಡು ಸಲ.